ಏಳನೇ ಬೋರಿನ ನೀರು

"ಎಡಕ್ಕೆ, ಸ್ವಲ್ಪ ಎಡಕ್ಕೆ! ಅಯ್ಯೋ, ನಿಮ್ಮ ಎಡಕ್ಕಲ್ಲ ಮೇಡಂ, ನನ್ನ ಎಡಕ್ಕೆ!" ಜೀಪಿನ ಡ್ರೈವರ್ ಏದುಸಿರು ಬಿಡುತ್ತ ಕೂಗಿದ. ಬಾಗಿಲು ಕಿರಿದು, ಗಣಿ ಆಸ್ಪತ್ರೆಯ ಸ್ಟ್ರೆಚರ್ ಅಗಲ. ಗುಂಡಿ ಬಿದ್ದ ರಸ್ತೆಯಲ್ಲಿ ನಾಲ್ಕು ಗಂಟೆ ಕುಲುಕಾಡಿಕೊಂಡು ಬಂದ ಬಾಟ್ಲಿ ಸಾಹೇಬರು ತಮ್ಮದೇ ಮನೆಯ ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕಾಲಿನ ಕಡೆ ಹಿಡಿದಿದ್ದ ಸಹಾಯಕಿಯ ಬೆರಳು ಚೌಕಟ್ಟಿಗೆ ಸಿಕ್ಕಿ ಜಜ್ಜಿತು. ಅವಳು ತುಟಿ ಬಿಚ್ಚಲಿಲ್ಲ. ತುಟಿ ಬಿಚ್ಚದೆ ಇರುವುದು ಅವಳಿಗೆ ಎಂಟು ವರ್ಷದ ಅಭ್ಯಾಸ.

ಸಾಹೇಬರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅದಿರು ತೊಳೆದ ವಿಷದ ಕೆಸರನ್ನು ನಿಲ್ಲಿಸಲು ಗಣಿಯ ಬುಡದಲ್ಲಿ ದೊಡ್ಡದೊಂದು ಕಟ್ಟೆಯಿದೆ. ಅದು ಸೋರಿ ನೆಲದೊಳಗಿನ ನೀರು ಕೆಡುತ್ತಿದೆಯೇ ಎಂದು ನೋಡಲು ಸುತ್ತ ಏಳು ಬೋರು ಕೊರೆಸಿದ್ದಾರೆ. ಮೂರು ತಿಂಗಳಿಗೊಮ್ಮೆ ಏಳರಿಂದಲೂ ಬಾಟ್ಲಿಗೆ ನೀರು ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಂದ ಅಂಕಿ ನೋಡಿ ಸಹಿ ಹಾಕಬೇಕು. ಧೂಳು, ಸದ್ದು, ಹೊಗೆ ಅಳೆಯುವುದೂ ಅವರ ಕೆಲಸವೇ. ಆದರೆ ಜನರ ಕಣ್ಣಿಗೆ ಬಿದ್ದದ್ದು ಬಾಟ್ಲಿ ಮಾತ್ರ. ಅವರ ಹಿಂದೆ ಓಡಾಡಿಕೊಂಡಿದ್ದ ಸಹಾಯಕಿಗೆ ಮರಿ ಬಾಟ್ಲಿ ಎಂದೇ ಹೆಸರಾಯಿತು. ನಿವೃತ್ತಿಗೆ ಮೂರು ತಿಂಗಳಿರುವಾಗ, ನಿನ್ನೆ ಬೆಳಗ್ಗೆ, ಸಾಹೇಬರು ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ.

ಅಂತೂ ಸ್ಟ್ರೆಚರ್ ಒಳಗೆ ಬಂತು. ಡ್ರೈವರ್ ಬೆವರು ಒರೆಸಿಕೊಂಡು ನೆರೆಯವರ ಪಕ್ಕ ಕುಳಿತ.

"ಎಂಥಾ ಮನುಷ್ಯ ಗೊತ್ತಾ? ನನ್ನ ಮದುವೆಗೆ ಬಂದವರು ನೀರಿನ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು. ನಮ್ಮ ಮಾವ ಕೆಂಡ ಆಗಿಬಿಟ್ಟ. 'ಏನ್ ಸ್ವಾಮಿ, ವಿಷ ಹಾಕಿದೀವಾ?' ಅಂದ. ಇವರು, 'ಗೊತ್ತಿಲ್ಲ, ಅಂಕಿ ಬರ್ಲಿ' ಅಂದ್ರು!"

ಸಾವಿನ ಮನೆಯಲ್ಲೂ ಒಬ್ಬಿಬ್ಬರು ಕಿಸಕ್ಕೆಂದರು. ಮೂಲೆಯಲ್ಲಿದ್ದ ಮುದುಕರೊಬ್ಬರು ಮಾತ್ರ ತಲೆಯಾಡಿಸಿ, "ಊರಿಗೆ ಉಪಕಾರಿ, ಮನೆಗೆ ಮಾರಿ. ಊರ ನೀರೆಲ್ಲಾ ನೋಡಿದ, ಬೇಕಾದವರ ನೀರು ನೋಡ್ಲಿಲ್ಲ" ಎಂದರು. ನಗು ನಿಂತುಹೋಯಿತು.

ಸಾಹೇಬರ ಹೆಂಡತಿ ಗೋಡೆಗೊರಗಿ ಕುಳಿತಿದ್ದರು. ಕಣ್ಣಲ್ಲಿ ಒಂದು ಹನಿಯಿಲ್ಲ. ಅವರ ತಮ್ಮ ಗೇಟಿನ ಹೊರಗೇ ನಿಂತಿದ್ದ, ಚಪ್ಪಲಿ ಸಹ ಬಿಚ್ಚಿರಲಿಲ್ಲ. ಸಹಾಯಕಿ ಅತ್ತ ನೋಡುತ್ತಿದ್ದುದನ್ನು ಕಂಡು ಸಾಹೇಬರ ಮಗಳು ಮೆಲ್ಲಗೆ ಹೇಳಿದಳು:

"ಮಾಮ ಒಳಗೆ ಬರಲ್ಲ ಅಕ್ಕಾ. ಹೆಗಲೂ ಕೊಡಲ್ವಂತೆ. ಅವರ ಮಗು ಹೋದಾಗಿಂದ ಅಪ್ಪನ ಮುಖ ನೋಡಿಲ್ಲ. ಅಮ್ಮನೂ ಅಷ್ಟೇ. ಅಪ್ಪ ತಿಂಗಳಿಗೊಂದು ಸಲ ಬರೋರು, ಅಮ್ಮ ಊಟ ಬಡಿಸಿ ಎದ್ದು ಹೋಗೋರು. ಎಂಟು ವರ್ಷ ನಂಗೇ ಹೇಳಿ ಕಳಿಸ್ತಿದ್ರು, ಒಂದು ಮಾತೂ ಅಪ್ಪನಿಗೆ ನೇರವಾಗಿ ಆಡ್ಲಿಲ್ಲ. ನಾನು ಮನೇಲಿಲ್ದಿದ್ರೆ ಗೋಡೆಗೆ ಹೇಳ್ತಿದ್ರು." ಅವಳು ಮೂಗು ಒರೆಸಿಕೊಂಡಳು. "ಒಂದು ದಿನ ಸೋಮಾರಿತನ ಮಾಡಿದ್ರು, ಜೀವಮಾನವೆಲ್ಲಾ ಅನುಭವಿಸಿದ್ರು. ಈಗ ಅದೇ ಹೆಸರಲ್ಲಿ ಮಣ್ಣಿಗೆ ಹೋಗ್ತಿದಾರೆ."

ಹೆಣ ಎತ್ತುವುದಕ್ಕೆ ಇನ್ನು ಒಂದು ಗಂಟೆಯಿತ್ತು. ಆ ಸೋಮಾರಿತನ ಸಾಹೇಬರದಲ್ಲ. ಅದು ಯಾರದೆಂದು ಬಲ್ಲವರು ಇಡೀ ಲೋಕದಲ್ಲಿ ಇಬ್ಬರೇ, ಅವರಲ್ಲಿ ಒಬ್ಬರು ಸ್ಟ್ರೆಚರಿನ ಮೇಲೆ ಮಲಗಿದ್ದರು.

* * *

ಆಗ ಅವಳು ಕೆಲಸಕ್ಕೆ ಸೇರಿ ಮೂರೇ ತಿಂಗಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಾಹೇಬರು ಜ್ವರ ಬಂದು ಕ್ವಾರ್ಟರ್ಸಿನಲ್ಲಿ ಮಲಗಿದ್ದರು. "ನೀನೇ ಹೋಗಿ ಬಾ, ಏಳಕ್ಕೆ ಏಳೂ ತಗೊಂಡು ಬಾ" ಎಂದು ಕಳಿಸಿದರು.

ಐದು ಬೋರು ಮುಗಿಸಿ ಆರನೆಯದರ ಹತ್ತಿರ ಬರುವಾಗ ಜೀಪು ಕೆಸರಿನಲ್ಲಿ ಹೂತಿತು. ಏಳನೆಯದು ಹಳ್ಳದ ಆಚೆ. ಪಂಪು ಹೊತ್ತುಕೊಂಡು ನಡೆದರೆ ಒಂದು ಗಂಟೆ. ಹೋದ ಮೇಲೂ ಪೈಪಿನಲ್ಲಿ ನಿಂತ ಹಳೇ ನೀರನ್ನು ಅರ್ಧ ಗಂಟೆ ಎತ್ತಿ ಚೆಲ್ಲಬೇಕು, ಆಮೇಲೆ ಬರುವ ಹೊಸ ನೀರನ್ನೇ ಹಿಡಿಯಬೇಕು. ಅಷ್ಟರಲ್ಲಿ ಐಸ್ ಕರಗಿದರೆ ಉಳಿದ ಬಾಟ್ಲಿಗಳೂ ದಂಡ. ಪೆಟ್ಟಿಗೆ ತೆರೆದು ನೋಡಿದಳು, ಅರ್ಧ ಐಸ್ ಆಗಲೇ ನೀರಾಗಿತ್ತು. ಏಳನೇ ಬೋರು ಹತ್ತು ವರ್ಷದಿಂದ ಒಂದೇ ಸಮ ಶುದ್ಧ ಬಂದಿದೆ, ಈ ಸಲ ಮಾತ್ರ ಏನು ಮಹಾ ಆಗಿಬಿಡುತ್ತೆ ಎಂದುಕೊಂಡಳು. ಆರನೇ ಬೋರಿನಲ್ಲೇ ಎರಡು ಬಾಟ್ಲಿ ತುಂಬಿ, ಒಂದರ ಮೇಲೆ ಆರು ಎಂದೂ ಇನ್ನೊಂದರ ಮೇಲೆ ಏಳು ಎಂದೂ ಬರೆದಳು. ಜೀಪಿನ ಕೆಳಗೆ ತೂರಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಆಗಿನ ಡ್ರೈವರ್ ಇತ್ತ ನೋಡಲೂ ಇಲ್ಲ, ಆ ತಿಂಗಳೇ ಕೆಲಸ ಬಿಟ್ಟು ಹೋದ.

ಮುಂದಿನ ಸಲ ಸಾಹೇಬರೇ ಹೋಗಿ ತಂದ ಏಳನೇ ಬಾಟ್ಲಿ ಕೆಟ್ಟದಾಗಿ ಬಂತು. ಎಷ್ಟು ಕೆಟ್ಟದೆಂದರೆ ಅದು ನಿನ್ನೆ ಮೊನ್ನೆ ಕೆಟ್ಟ ನೀರಲ್ಲ. ಆ ಬೋರಿನ ಕೆಳಗೆ ಇಪ್ಪತ್ತು ಮನೆಯ ಒಂದು ಹಳ್ಳಿ. ಸಾಹೇಬರ ಹೆಂಡತಿಯ ತವರು. ಅಷ್ಟೂ ಮನೆಯವರು ಗಣಿಯ ಕಾಗದ ನಂಬಿ ಮೂರು ತಿಂಗಳು ಅದೇ ನೆಲದ ನೀರು ಕುಡಿದಿದ್ದರು.

ಸಾಹೇಬರು ಅವಳನ್ನು ಕರೆದು ಹಳೇ ಅಂಕಿಗಳ ಹಾಳೆ ಮುಂದಿಟ್ಟರು.

"ಆರು ನೋಡು, ಏಳು ನೋಡು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅವಳಿ ಮಕ್ಕಳಿಗಾದ್ರೂ ಒಂದು ಮಚ್ಚೆ ಬೇರೆ ಇರುತ್ತೆ ಕಣಮ್ಮ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಾಹೇಬರು ಹಾಳೆ ಮಡಿಚಿ ಡ್ರಾಯರಿಗೆ ಹಾಕಿದರು.

"ಇದನ್ನ ನೋಡ್ದೆ ಸಹಿ ಹಾಕಿದೋನು ನಾನು. ಅವತ್ತು ಹೋಗಿದ್ದೂ ನಾನೇ ಅಂತ ಬರೀತೀನಿ. ನನ್ನದು ಒಂದು ಬಡ್ತಿ ಹೋಗುತ್ತೆ, ಅಷ್ಟೇ ತಾನೆ? ನಿನ್ನದು ಹೊಟ್ಟೆಪಾಡೇ ಹೋಗುತ್ತೆ. ನೀರು ಹಿಡಿಯೋದು ಕಲಿ."

ಅಷ್ಟೇ ಅಲ್ಲ ಎಂದು ಎರಡು ತಿಂಗಳಲ್ಲಿ ಗೊತ್ತಾಯಿತು. ಹೆಂಡತಿಯ ತಮ್ಮನ ಮಗಳು, ಆರು ವರ್ಷದ್ದು, ಮೂತ್ರಪಿಂಡ ಕೆಟ್ಟು ತೀರಿಕೊಂಡಿತು. ನೀರಿನಿಂದಲೇ ಎಂದು ಡಾಕ್ಟರು ಬರೆದುಕೊಡಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವಳು ಸಾಹೇಬರ ಮುಂದೆ ನಿಂತು, "ನಾನು ಹೇಳಿಬಿಡ್ತೀನಿ ಸಾರ್" ಎಂದಳು.

"ಹೇಳಿದ್ರೆ ಮಗು ಎದ್ದು ಬರುತ್ತಾ? ಸುಮ್ಮನಿರು."

ಸುಮ್ಮನಾದಳು. ಸಾಹೇಬರ ಮಾತಿಗೆ ಕಟ್ಟುಬಿದ್ದು ಸುಮ್ಮನಾದೆ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಸುಮ್ಮನಿರುವುದು ಅವಳಿಗೇ ಬೇಕಾಗಿತ್ತು.

* * *

ಹೆಂಡತಿ ಮುಖ ತೊಳೆಯಲು ಹಿತ್ತಿಲಿಗೆ ಹೋದರು. ಸಹಾಯಕಿ ಹಿಂದೆಯೇ ಹೋದಳು.

"ಅಮ್ಮಾ, ಒಂದು ಮಾತಿತ್ತು."

"ಹೇಳಮ್ಮ. ನೀನಲ್ವಾ ಅವರ ಜೊತೆಗಿದ್ದದ್ದು. ಕೊನೇಲಿ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ. ಅವತ್ತು ಏಳನೇ ಬೋರಿಗೆ ಹೋಗಬೇಕಾಗಿದ್ದು ಅವರಲ್ಲ ಅಮ್ಮಾ. ನಾನು. ನಾನು ಹೋಗ್ಲಿಲ್ಲ. ಬೇರೆ ಬೋರಿನ ನೀರು ತುಂಬಿ ಏಳು ಅಂತ ಬರೆದೆ. ಅವರು ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

ಹೆಂಡತಿಯ ಕೈಯಲ್ಲಿದ್ದ ಚೊಂಬು ಹಾಗೇ ಉಳಿಯಿತು.

"ಅವತ್ತು ಅವರೆಲ್ಲಿದ್ರು?"

"ಜ್ವರ ಬಂದು ಮಲಗಿದ್ರು."

"ಜ್ವರ," ಎಂದರು ಹೆಂಡತಿ. ಆ ಪದವನ್ನು ಮೊದಲ ಸಲ ಕೇಳಿದವರ ಹಾಗೆ. "ನಂಗೆ ಜ್ವರ ಬಂದಿದ್ದೂ ಗೊತ್ತಿಲ್ಲ." ಕಲ್ಲಿನ ಮೇಲೆ ಕುಸಿದು ಕುಳಿತರು. "ನಾನೇ ತಪ್ಪು ಮಾಡ್ದೆ ಅಂದ್ರು, ನಂಬಿಬಿಟ್ಟೆ. ಹೇಗಾಯ್ತು, ಯಾಕಾಯ್ತು ಅಂತ ಒಂದೇ ಒಂದು ಸಲ ಕೇಳಿದ್ರೆ ಸಾಕಿತ್ತು. ಆ ಮನುಷ್ಯನಿಗೆ ಮುಖ ನೋಡಿ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ನಾನು ಕೇಳ್ಲೇ ಇಲ್ಲ ಕಣೇ."

"ಕ್ಷಮಿಸಿ ಅಮ್ಮಾ, ನಾನು ಎಷ್ಟೋ ಸಲ..."

"ಬೇಡ. ನಿನ್ನ ಕೆನ್ನೆಗೆ ಬಾರಿಸೋಕೂ ನನ್ನ ಕೈ ಏಳ್ತಿಲ್ಲ. ಮೊನ್ನೆ ಹೇಳಿದ್ರೂ ಆಗ್ತಿತ್ತು, ಒಂದು ಫೋನ್ ಮಾಡ್ತಿದ್ದೆ." ಚೊಂಬು ಕೆಳಗಿಟ್ಟು ತಲೆಯೆತ್ತಿದರು. "ನನ್ನ ತಮ್ಮ ಗೇಟಿನ ಹತ್ತಿರ ಇದಾನೆ. ಮೊದಲು ಅವನಿಗೆ ಹೇಳಬೇಕಿತ್ತು. ಹೋಗು, ಹೇಳು."

ಹಿತ್ತಿಲಿಂದ ಗೇಟಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಕೆಲಸ ಹೋಗುತ್ತದೆ, ಕೇಸಾಗುತ್ತದೆ, ಅದೆಲ್ಲ ಅವಳಿಗೆ ನೆನಪಾಯಿತು. ಆದರೂ ಕಾಲು ನಿಲ್ಲಲಿಲ್ಲ. ಮಗುವನ್ನು ಕಳೆದುಕೊಂಡವನ ಮುಂದೆ ನಿಂತು, ಅವನ ಕಣ್ಣು ನೋಡಲಾಗದೆ ಅವನ ಅಂಗಿಯ ಗುಂಡಿ ನೋಡುತ್ತ, ಒಂದನ್ನೂ ಬಿಡದೆ ಹೇಳಿದಳು. ಹೊಡೆಯಲಿ ಎಂದು ಕಾದಳು.

ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. "ಭಾವ ಮೂರು ಸಲ ನನ್ನ ಮನೆ ಬಾಗಿಲಿಗೆ ಬಂದಿದ್ರು" ಎಂದ. "ಮೂರು ಸಲಾನೂ ಬಾಗಿಲು ಹಾಕ್ದೆ. ಕೊನೇ ಸಲ ಮಳೇಲಿ ನಿಂತಿದ್ರು." ಆಮೇಲೆ ಅವಳ ಕಡೆ ತಿರುಗಿ, "ನೀನು ನನ್ನ ಕಣ್ಣಿಗೆ ಕಾಣಿಸ್ಕೋಬೇಡ" ಎಂದು ಚಪ್ಪಲಿ ಬಿಟ್ಟು ಒಳಗೆ ನಡೆದ.

ಹೊತ್ತಾಗಿತ್ತು. ಡ್ರೈವರ್ ಮತ್ತು ಇಬ್ಬರು ನೆರೆಯವರು ಆಗಲೇ ಸ್ಟ್ರೆಚರಿನ ಮೂರು ಮೂಲೆ ಹಿಡಿದಿದ್ದರು. ನಾಲ್ಕನೆಯದನ್ನು ತಮ್ಮ ಹಿಡಿದ. ಸಹಾಯಕಿ ಬಾಗಿಲಾಚೆ, ಅವನ ಕಣ್ಣಿಗೆ ಬೀಳದ ಕಡೆ ನಿಂತಳು. ಎತ್ತೋಣವೇ ಎಂದು ಡ್ರೈವರ್ ಬಗ್ಗಿದ, ಉಳಿದವರೂ ಬಗ್ಗಿದರು. ಆಗ ಹೆಂಡತಿ ಹಿತ್ತಿಲಿಂದ ಬಂದು ತಲೆಯ ಕಡೆ ಕುಳಿತರು.

"ರೀ," ಎಂದರು.

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ರೀ, ಅಡುಗೆಮನೆ ಕಿಟಕಿ ಮುಚ್ಚೋಕೆ ಬರ್ತಿಲ್ಲ, ಎರಡು ವರ್ಷ ಆಯ್ತು, ಬಡಗಿ ಬರ್ತೀನಿ ಬರ್ತೀನಿ ಅಂತಾನೆ, ಬರಲ್ಲ. ನಿಮ್ಮ ಮಗಳಿಗೆ ಆಫೀಸಲ್ಲಿ ಯಾರೋ ಇಷ್ಟ ಆಗಿದಾರಂತೆ, ನನ್ನ ಹತ್ರ ಬಾಯಿ ಬಿಡಲ್ಲ, ನೀವೇ ಕೇಳಿ. ಆಮೇಲೆ ನನ್ನ ಎಡಗಣ್ಣಿಗೆ ಪೊರೆ ಬಂದಿದೆಯಂತೆ. ಆಪರೇಷನ್ ಮಾಡಿಸ್ಲೇಬೇಕು ಅಂದ್ರು ಡಾಕ್ಟ್ರು. ಏನ್ರೀ, ಮಾಡಿಸ್ಲಾ?"

"ಅಕ್ಕಾ..." ಎಂದ ತಮ್ಮ.

"ಇರೋ, ಮಾತಾಡ್ತಿದೀನಿ ಕಾಣಲ್ವಾ?"

ನಾಲ್ವರೂ ಸ್ಟ್ರೆಚರನ್ನು ಮೇಲಕ್ಕೆತ್ತಲೂ ಆಗದೆ ಕೆಳಗಿಡಲೂ ಆಗದೆ ಮೊಣಕಾಲೆತ್ತರದಲ್ಲಿ ಹಿಡಿದು ನಿಂತರು. ಹೆಂಡತಿ ಇನ್ನಷ್ಟು ಬಗ್ಗಿ, ಸಾಹೇಬರ ಬಾಯಿಯ ಹತ್ತಿರ ಕಿವಿಯಿಟ್ಟರು.