ಬಾಗಿಲಡಿಯ ತೊಲೆ

ಒಂದು ಬದಿ ಕತ್ತರಿಸು, ಹೊಸ ತಗಡು ಬೆಸೆ, ಆಮೇಲೆ ಇನ್ನೊಂದು ಬದಿಗೆ ಕೈ ಹಾಕು. ಭಾವನ ನಿಯಮ ಇಷ್ಟೇ. ಮೂವತ್ತು ವರ್ಷ ಬಸ್ಸುಗಳಿಗೆ ವೆಲ್ಡಿಂಗ್ ಮಾಡಿದ ಕೈ ಅದು. ಅವರ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರಾದರೋ ಬರೀ ಅಸ್ಥಿಪಂಜರ: ಎರಡೇ ಸೀಟು, ಮೇಲೆ ಸೂರಿಲ್ಲ, ಒರಗಿದರೆ ಅಂಗಿಗೆಲ್ಲ ತುಕ್ಕು. ಸೂರಿಲ್ಲದ ಕಾರಿನ ಭಾರವನ್ನು ಹೊರುವುದು ಬಾಗಿಲುಗಳಡಿಯ ಎರಡು ತಗಡಿನ ತೊಲೆಗಳು. ಅವೆರಡೂ ಗೆದ್ದಲು ತಿಂದ ಮರದಂತೆ ಬೆರಳು ತಾಗಿದರೆ ಉದುರುತ್ತಿದ್ದವು.

ನಾನು ಅಕ್ಕನ ಮನೆಗೆ ಒಂದು ವಾರಕ್ಕೆಂದು ಬಂದವನು. ಯಾವ ಊರಿನಲ್ಲೂ ಎರಡು ಮಳೆಗಾಲ ಕಾಣದ ನನ್ನನ್ನು ಭಾವ ‘ಚಕ್ರ’ ಎಂದೇ ಕರೆಯುತ್ತಿದ್ದರು. ಆ ವಾರದಲ್ಲೇ ಕಣ್ಣಿನ ವೈದ್ಯರು ಅವರಿಗೆ ಹೇಳಿದ್ದರು: ನೋಟ ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬರುತ್ತದೆ, ತಡೆಯಲು ಔಷಧವಿಲ್ಲ, ನಾಲ್ಕು ವರ್ಷ, ಹೆಚ್ಚೆಂದರೆ ಐದು. ಆ ಕಾರನ್ನು ಒಮ್ಮೆ ತಾವೇ ಓಡಿಸಬೇಕೆಂಬುದು ಭಾವನಿಗಿದ್ದ ಒಂದೇ ಹಟ. ನಾನು ಉಳಿದೆ.

ಉಳಿದೆನೆಂದರೆ ನೆಲೆ ನಿಂತೆನೆಂದಲ್ಲ. ಹೆದ್ದಾರಿಯ ಲಾರಿ ಸದ್ದು ಕೇಳಿದರೆ ಅಂಗಾಲು ತುರಿಸುತ್ತಿತ್ತು. ಎರಡನೆಯ ವರ್ಷ, ಭಾವ ಕಣ್ಣಾಸ್ಪತ್ರೆಗೆ ಹೋಗಿದ್ದ ದಿನ, ಎಡಬದಿಯ ತೊಲೆ ಕತ್ತರಿಸಿದ ಗ್ರೈಂಡರ್ ಇನ್ನೂ ಬಿಸಿಯಾಗಿತ್ತು, ಬಲಬದಿಯನ್ನೂ ಕತ್ತರಿಸಿಬಿಟ್ಟೆ. ಸಂಜೆಯೊಳಗೆ ಎರಡಕ್ಕೂ ಹೊಸ ತಗಡು ಬೆಸೆದೆ. ನಾಲ್ಕು ತಿಂಗಳ ಕೆಲಸ ಒಂದೇ ದಿನಕ್ಕೆ ಮುಗಿದಿತ್ತು. ನನ್ನ ಕಣ್ಣಿಗೆ ಕಾರು ಎಲ್ಲಿಯೂ ಬಾಗಿದಂತೆ ಕಾಣಲಿಲ್ಲ.

ಭಾವ ಬಂದವರೇ ಬಾಗಿಲೊಂದನ್ನು ಅದರ ಜಾಗಕ್ಕೆ ಹಿಡಿದರು. ಅದು ಒಳಗೆ ಹೋಗಲಿಲ್ಲ. ಹೆಬ್ಬೆರಳ ಉಗುರನ್ನು ಚೌಕಟ್ಟಿನುದ್ದಕ್ಕೂ ಎಳೆದರು.

“ಎರಡೂ ಒಟ್ಟಿಗೆ ಕತ್ತರಿಸಿದ್ಯಾ?”

“ಬೇಗ ಆಗ್ಲಿ ಅಂತ, ಭಾವ.”

“ಆಯ್ತು. ಹಗ್ಗ ಸಡಿಲಿದ ಮಂಚದ ಹಾಗೆ ನಡು ಇಳಿಸ್ಕೊಂಡಿದೆ. ಕಾಲಲ್ಲಿದ್ದ ಚಕ್ರ ಕೈಗೂ ಬಂತು ನೋಡು.”

ಬೈದಿದ್ದರೆ ಅಂದೇ ಚೀಲ ಹೆಗಲಿಗೇರಿಸುತ್ತಿದ್ದೆ. ಬೈಯಲಿಲ್ಲ.

ಬೆಸೆದದ್ದನ್ನೆಲ್ಲ ಬಿಡಿಸಿ, ಕೆಳಗೆ ಜಾಕ್ ಕೊಟ್ಟು, ದಿನಕ್ಕೊಂದು ಕೂದಲೆಳೆಯಷ್ಟು ನಡು ಎತ್ತುತ್ತ, ಒಂದೊಂದೇ ಬದಿಯನ್ನು ಮತ್ತೆ ಬೆಸೆಯುವುದರಲ್ಲಿ ಎರಡು ವರ್ಷ ಹೋಯಿತು. ಎಂಜಿನ್, ಬ್ರೇಕ್, ಬಣ್ಣಕ್ಕೆ ಇನ್ನೊಂದು. ಅಷ್ಟರಲ್ಲಿ ಭಾವ ಎದುರಿಗಿಟ್ಟ ಲೋಟವನ್ನು ಸವರಿ ಹುಡುಕತೊಡಗಿದ್ದರು.

ಐದನೆಯ ವರ್ಷದ ಕೊನೆಗೆ ಎಂಜಿನ್ ಕೆಮ್ಮಿ ಎದ್ದಿತು. ಬಲ ಬಾಗಿಲು ಸರಿಯಾಗಿ ಕೂತಿತು. ಎಡ ಬಾಗಿಲು ಮಾತ್ರ ಉಗುರಿನಷ್ಟು ಹೊರಗೇ ನಿಂತಿತು, ಚಿಲಕ ಹಿಡಿಯಲಿಲ್ಲ.

“ಎಡಗಡೇದು ಮತ್ತೆ ಬಿಚ್ತೀನಿ,” ಎಂದೆ. “ಆರು ತಿಂಗಳು ಕೊಡಿ.”

ಭಾವ ಆ ಅಂಚನ್ನು ಉಗುರಿನಿಂದ ಅಳೆಯುತ್ತಲೇ ಇದ್ದರು. ಓರೆಕೋರೆ ಕೆಲಸವನ್ನು ಜನ್ಮದಲ್ಲಿ ಹೊರಗೆ ಬಿಟ್ಟವರಲ್ಲ. ಆದರೆ ಆ ಕಣ್ಣುಗಳಲ್ಲಿ ಆರು ತಿಂಗಳು ಉಳಿದಿರಲಿಲ್ಲ.

ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಕ್ಕ, ಒದ್ದೆ ಬಟ್ಟೆಯನ್ನು ಬುಟ್ಟಿಗೆ ತುಂಬಿ, ಹಗ್ಗವನ್ನೇ ಬಿಚ್ಚಿಕೊಂಡು ಬಂದಳು. ಎಡ ಸೀಟಿನಲ್ಲಿ ಕೂತು, ಬಾಗಿಲನ್ನೆಳೆದು, ಸೀಟಿನ ಕಾಲಿಗೆ ಮೂರು ಸುತ್ತು ಬಿಗಿದಳು.

“ಏನೇ ಇದು? ನೋಡಿದವರು ನಗ್ತಾರೆ,” ಎಂದರು ಭಾವ.

“ನಗೋರು ನಿಮಗೆ ಕಾಣಿಸಿದ್ರೆ ತಾನೇ? ಹತ್ತಿ. ಎಡ ಬಲ ನಾನು ಹೇಳ್ತೀನಿ. ಮದ್ವೆ ಆದಾಗಿಂದ ಹೇಳ್ತಾನೇ ಇದೀನಿ, ಇವತ್ತಾದ್ರೂ ಕೇಳಿ.”

ಭಾವ ನಕ್ಕು ಸ್ಟಿಯರಿಂಗ್ ಹಿಡಿದರು. ಮನೆಯ ಗೇಟಿನಾಚೆ, ಮುಚ್ಚಿದ ಗೋದಾಮುಗಳ ನಡುವೆ, ನಿರ್ಜನ ರಸ್ತೆಯೊಂದಿತ್ತು. ಕಾರು ನಡಿಗೆಯ ವೇಗದಲ್ಲಿ ಅತ್ತ ಹೊರಳಿತು. “ಸ್ವಲ್ಪ ಬಲಕ್ಕೆ. ಸ್ವಲ್ಪ ಅಂದೆ,” ಎಂಬ ಅಕ್ಕನ ದನಿ ಗೇರಿನ ಸದ್ದಿನಲ್ಲಿ ಮುಳುಗಿತು.

ಎರಡೇ ಸೀಟು, ನಾನು ಗೇಟಿನಲ್ಲಿ ಉಳಿದೆ. ಹತ್ತಾರು ಊರುಗಳಲ್ಲಿ ಜನರನ್ನು ಹೀಗೆ ನಿಲ್ಲಿಸಿ ಹೋದವನು ನಾನು. ನಿಂತವರಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲವೆಂಬುದು ಆಗ ಗೊತ್ತಾಯಿತು. ಗೇಟಿಗೂ ಶೆಡ್ಡಿಗೂ ಎಷ್ಟು ಸಲ ತಿರುಗಿದೆನೋ. ತಿರುವಿನಾಚೆ ಸದ್ದು ಸಣ್ಣದಾಯಿತು, ನಿಂತೇ ಹೋಯಿತು. ಗೇಟಿನಾಚೆಗೆ ನಾಲ್ಕು ಹೆಜ್ಜೆ ಓಡಿದೆ. ಮತ್ತೆ ಕೆಮ್ಮಿ ಎದ್ದು, ಹತ್ತಿರವಾಗತೊಡಗಿತು.

ಗೇಟಿನೆದುರು ಕಾರು ನಿಂತಾಗ ಭಾವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಾನು ಎದುರಿಗೇ ಇದ್ದರೂ ಅವರ ಮುಖ ಬೇರೆಲ್ಲೋ ತಿರುಗಿತ್ತು.

“ಚಕ್ರ, ಇದೀಯೇನೋ?”

“ಇದೀನಿ, ಭಾವ.”

“ಹಾಗಾದ್ರೆ ಎಡಗಡೇದು ಬಿಚ್ಚು. ಒಂದು ಬದಿ ಮಾತ್ರ.”

ಹೆದ್ದಾರಿಯಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು. ನಾನು ಬಾಗಿ, ಅಕ್ಕ ಬಿಗಿದಿದ್ದ ಹಗ್ಗದ ಗಂಟು ಬಿಚ್ಚತೊಡಗಿದೆ.