ಗುಡುಗಪ್ಪನವರ ಗಂಟಲು

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ವಕೀಲರ ಕರಿಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. "ಅವರದು ಕೋರ್ಟು, ನಮ್ಮದು ಕೋಟು. ಮಧ್ಯೆ ಒಂದು ಅರ್ಕಾವತ್ತು ಅಡ್ಡ ಬಂದಿದೆ ಅಷ್ಟೇ," ಎನ್ನುತ್ತಿದ್ದ. ಅದನ್ನು ದಾಟಿಸಲೆಂದೇ ಮಗನಿಗೆ ಲಾ ಓದಿಸಿದ.

ಮಗನಿಗೆ ಓದಿಗಿಂತ ಮೊದಲು ಬಂದದ್ದು ಮಿಮಿಕ್ರಿ. ಅಳತೆ ಕೊಡಲು ಬರುತ್ತಿದ್ದವರಲ್ಲಿ ಹಿರಿಯ ವಕೀಲರೊಬ್ಬರಿದ್ದರು. ಅವರು ಬಾಯಿ ತೆರೆದರೆ ಗಾಜಿನ ಬೀರು ನಡುಗುತ್ತಿತ್ತು. ಮನೆಮಂದಿ ಇಟ್ಟ ಹೆಸರು ಗುಡುಗಪ್ಪ. ಅವರು ಮೆಟ್ಟಿಲಿಳಿದದ್ದೇ ತಡ, ಹುಡುಗ ಗಂಟಲು ಕೆರೆದು "ಹ್ಹೂಂ... ನೋಡಪ್ಪಾ" ಎಂದು ಶುರುಮಾಡುತ್ತಿದ್ದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಗುಡುಗಪ್ಪ ತೀರಿಕೊಂಡರು. ಮಗ ಲಾ ಮುಗಿಸಿ ಕಂಡಕಂಡ ವಕೀಲರ ಬಾಗಿಲು ತಟ್ಟಿದ. ಅಂಕಗಳನ್ನು ಯಾರೂ ಕೇಳಲಿಲ್ಲ, "ನೀವು ಯಾರ ಪೈಕಿ?" ಎಂದಷ್ಟೇ ಕೇಳಿದರು. ಕೊನೆಗೆ ಉಳಿದದ್ದು ಗುಡುಗಪ್ಪನವರದೇ ಕಚೇರಿ. ಈಗ ಅದು ಅವರ ಮಗನ ಕೈಯಲ್ಲಿತ್ತು. ಇಲ್ಲೂ ಆಗದಿದ್ದರೆ ಅಪ್ಪನ ಪಕ್ಕದ ಹೊಲಿಗೆ ಯಂತ್ರವೇ ಗತಿ.

ಆ ಕಚೇರಿಯಲ್ಲಿ ಸಂದರ್ಶನ ಎಂಬ ಪದ್ಧತಿ ಇರಲಿಲ್ಲ, ಚಹಾಕ್ಕೆ ಕರೆಯುತ್ತಿದ್ದರು. ಕಾನೂನಿನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಯಾರ ತಾತ ಯಾರ ತಾತನ ಸಹಪಾಠಿ, ಅದೇ ಮಾತು. ಕೆಲಸಕ್ಕೆಂದು ಬಂದಿದ್ದ ಇನ್ನೊಬ್ಬ, ಜಡ್ಜ್ ಒಬ್ಬರ ಮಗ, ಕಾಲ ಮೇಲೆ ಕಾಲು ಹಾಕಿ ನಗುತ್ತಿದ್ದ. ಇವನು ಬಸಿಗೆ ಸುರಿದುಕೊಂಡು ಚಹಾ ಹೀರುವ ಸದ್ದು ಮಾತ್ರ ಇವನ ವಿರುದ್ಧವೇ ಸಾಕ್ಷಿ ನುಡಿಯುತ್ತಿತ್ತು.

"ನಿಮ್ಮ ಮನೇಲಿ ಈ ಲೈನಲ್ಲಿ ಯಾರಿದಾರೆ?" ಯಜಮಾನರು, ಎಂದರೆ ಗುಡುಗಪ್ಪನವರ ಮಗ, ಕೇಳಿದರು.

'ನಮ್ಮಪ್ಪ ಟೈಲರ್ ಸಾರ್' ಎನ್ನಲೆಂದೇ ಇವನು ಬಾಯಿ ತೆರೆದ. ಗಂಟಲು ತಾನಾಗಿ ಕೆರೆಯಿತು.

"ಹ್ಹೂಂ... ನೋಡಪ್ಪಾ. ಮನೆತನ ನೋಡಿ ಯಾವ ಜಡ್ಜು ತೀರ್ಪು ಕೊಡ್ತಾನೆ?"

ಮೂಲೆಯಲ್ಲಿದ್ದ ಮುದಿ ಗುಮಾಸ್ತ ದಡಕ್ಕನೆ ಎದ್ದು ನಿಂತ. ಯಜಮಾನರ ಬಿಸ್ಕತ್ತು ಚಹಾದಲ್ಲಿ ಮುಳುಗಿತು. ಇವನು ಅಣಕಿಸಿರಲಿಲ್ಲ. ಅಣಕಿಸುವಷ್ಟು ಧೈರ್ಯ ಆ ಕೋಣೆಯಲ್ಲಿ ಅವನಿಗೆಲ್ಲಿತ್ತು?

"ಒಳ್ಳೇ ಮನೆತನದವರ ಮಾತು," ಎಂದರು ಯಜಮಾನರು, ಕಣ್ಣೊರೆಸಿಕೊಂಡು. "ನಾಳೆಯಿಂದ ಬಂದ್ಬಿಡಿ."

ಬೀದಿಗೆ ಬಂದು ಇವನು ಕೆಮ್ಮಿದ, ನೀರು ಕುಡಿದ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಅದೇ ಗುಡುಗು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಇಷ್ಟು ದಿನ ನಿಂತೇ ಓಡಾಡಿದವನು ಕುಳಿತ. ಕುಳಿತದ್ದು ತಾನೇ ಹೌದೋ ಅಲ್ಲವೋ ತಿಳಿಯದೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡ. ಮುಖವೇನೋ ಅವನದೇ.

ಮನೆಯಲ್ಲಿ ಅಪ್ಪ ಬೆನ್ನು ತಿರುಗಿಸಿ ಯಂತ್ರ ತುಳಿಯುತ್ತಿದ್ದ.

"ಕೆಲಸ ಸಿಕ್ಕಿತಪ್ಪಾ."

ಅಪ್ಪ ಧಿಗ್ಗನೆ ಎದ್ದ. ತಿರುಗಿ ನೋಡಿ ನಕ್ಕ. "ಥೂ ನಿನ್ನ! ಎದೆ ಒಡ್ದೋಗಿತ್ತು. ಸತ್ತೋರ ಜೊತೆ ಎಂಥಾ ತಮಾಷೆನೋ? ನಿನ್ ಬಾಯಲ್ಲಿ ಹೇಳು."

ಅಮ್ಮ ಅಡುಗೆಮನೆಯಿಂದ ನಗುತ್ತ ಬಂದಳು.

"ಅಲ್ಲಿ ನನ್ ವಿಷಯ ಹೇಳಿದ್ಯೇನೋ?" ಅಪ್ಪನ ದನಿ ಮೆತ್ತಗಾಯಿತು. "ನಮ್ಮಪ್ಪ ಟೈಲರ್ ಅಂತ?"

'ಇಲ್ಲ, ಹೇಳಬೇಕೆಂದಿದ್ದೆ' ಎನ್ನಲು ಇವನು ಹೊರಟ. ಬಾಯಿಂದ ಗುಡುಗಿದ್ದು ಬೇರೆ.

"ಎಷ್ಟು ಸಲ ಹೇಳೋದಯ್ಯಾ ನಿನಗೆ? ಅಳತೆ ತಗೋ. ಮಾತು ಬೇಡ."

"ತಪ್ಪಾಯ್ತು ಸಾರ್," ಎಂದುಬಿಟ್ಟ ಅಪ್ಪ. ಟೇಪು ಆಗಲೇ ಅವನ ಕೈಗೆ ಬಂದಿತ್ತು.

ಇವನು ಅಲ್ಲ ಅಲ್ಲವೆಂದು ತಲೆಯಾಡಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ತುಟಿ ಮಾತ್ರ ಬಿಗಿದುಕೊಂಡು ಇನ್ನೊಂದು ಮಾತಿಗೆ ಸಜ್ಜಾಗುತ್ತಿತ್ತು. ಅಮ್ಮ ನಗು ನಿಲ್ಲಿಸಿ ಹತ್ತಿರ ಬಂದಳು. ಮಗನ ಕೆನ್ನೆ ಮುಟ್ಟಲೆಂದು ಎತ್ತಿದ ಕೈಯನ್ನು ಹಿಂದೆ ತೆಗೆದುಕೊಂಡಳು.

"ಸಾರ್," ಎಂದಳು, ಅವನ ಮುಖವನ್ನೇ ನೋಡುತ್ತ, "ನಮ್ಮ ಹುಡುಗನ್ನ ಯಾವಾಗ ಕಳಿಸ್ತೀರಿ?"