ಪರದೆಯ ಹಿಂದಿನ ಅಕ್ಕ

“ಸ್ವಲ್ಪ ಎಡಕ್ಕೆ... ಅಯ್ಯೋ, ನನ್ನ ಎಡ ಅಲ್ಲ, ನಿಮ್ಮ ಎಡ!” ಎಂದು ಹಿಮ್ಮುಖವಾಗಿ ನಡೆಯುತ್ತಿದ್ದ ಕ್ಷೌರಿಕ ಕೂಗುವಷ್ಟರಲ್ಲಿ ಶವಪೆಟ್ಟಿಗೆಯ ಮೂಲೆ ಚಿತ್ರಮಂದಿರದ ಬಾಗಿಲಿಗೆ ಸಿಕ್ಕಿಕೊಂಡಿತು. ಹೊತ್ತವರು ಮುಂದೆ ಹೋಗಲಾರರು, ಹಿಂದೆ ಬರಲಾರರು.

“ಈ ಬಾಗಿಲಲ್ಲಿ ಒಳಗೆ ಹೋಗೋದು ಇವರಿಗೆ ಯಾವತ್ತು ಸುಲಭ ಆಗಿತ್ತು, ಇವತ್ತು ಆಗೋಕೆ?” ಎಂದಳು ಹಿಂದೆ ಬರುತ್ತಿದ್ದ, ಸತ್ತವರ ಹೆಂಡತಿ.

ಅಷ್ಟು ಹೊತ್ತು ಅಳು ನುಂಗಿಕೊಂಡು ನಿಂತಿದ್ದವರು ಗೊಳ್ಳೆಂದು ನಕ್ಕರು. ನಗುವಿನ ಸಡಿಲಕ್ಕೆ ಪೆಟ್ಟಿಗೆಯೂ ಸಡಿಲಾಗಿ ಒಳಗೆ ಹೋಯಿತು.

ಸತ್ತವರು ಈ ಚಿತ್ರಮಂದಿರದ ಆಪರೇಟರ್. ಹರೆಯದಿಂದ ಮುಪ್ಪಿನವರೆಗೆ ಇಲ್ಲಿಯ ಯಂತ್ರ ಓಡಿಸಿದವರು. ಅಂತಿಮ ದರ್ಶನ ಇಲ್ಲೇ ಆಗಲಿ ಎಂದು ಮಾಲೀಕರ ಮೊಮ್ಮಗಳು ಮಧ್ಯಾಹ್ನದ ಆಟವನ್ನೇ ರದ್ದು ಮಾಡಿದ್ದಳು. ಪರದೆಯ ಕೆಳಗಿನ ಜಗುಲಿಯ ಮೇಲೆ ಪೆಟ್ಟಿಗೆ ಇಟ್ಟು, ಕೂತವರಿಗೆಲ್ಲ ಮುಖ ಕಾಣಲಿ ಎಂದು ತಲೆಯ ಕಡೆ ಎತ್ತರಿಸಿದರು. ಹೆಂಡತಿ ನಿವೃತ್ತ ಶಿಕ್ಷಕಿ, ಊರಿಗೆಲ್ಲ ಟೀಚರಮ್ಮ. ಮೊದಲ ಸಾಲಿನ ನಟ್ಟನಡುವಿನ ಕುರ್ಚಿಯ ಮೇಲೆ ಅವಳು ತನ್ನ ಶಾಲು ಹಾಸಿದ್ದಳು. ನಗರಸಭೆಯ ಅಧ್ಯಕ್ಷರು ಅಲ್ಲಿಗೇ ಬಂದು ಕೂರಲು ಬಗ್ಗಿದರು.

“ಅಲ್ಲಿ ನಮ್ಮ ಅತ್ತಿಗೆ ಕೂರ್ತಾರೆ, ಇವರ ಅಕ್ಕ,” ಎಂದಳು ಟೀಚರಮ್ಮ. ಅಧ್ಯಕ್ಷರು ಅರ್ಧ ಬಗ್ಗಿದವರು ಹಾಗೇ ಎದ್ದರು.

ಕ್ಷೌರಿಕ ಅವಳ ಕಿವಿಯಲ್ಲಿ ಪಿಸುಗುಟ್ಟಿದ. “ಅಕ್ಕ ಬಂದಾಗಿದೆ, ಟೀಚರಮ್ಮ. ಹಿಂದಿನ ಬಾಗಿಲಿಂದ ಬಂದು, ಪರದೆ ಹಿಂದೆ ಕೂತ್ಬಿಟ್ಟಿದಾರೆ.”

ಟೀಚರಮ್ಮ ಪರದೆಯ ಕಡೆ ತಿರುಗಿದಳು. ಗಂಡ ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಒಂದು. “ನನ್ನ ಕೈಲಂತೂ ಆಗ್ಲಿಲ್ಲ. ನೀನು ಅಕ್ಕನ್ನ ಒಂದ್ಸಲ ಮುಂದೆ ಕೂರಿಸು.” ಅದಕ್ಕೆ ಉಳಿದಿದ್ದು ಇದೊಂದು ಮಧ್ಯಾಹ್ನ.

*

ಆ ಕಾಲದಲ್ಲಿ ಕಾಲುವೆಯಾಚೆಯವರು ಪರದೆಯ ಹಿಂದೆ ಕೂತೇ ಸಿನಿಮಾ ನೋಡಬೇಕಿತ್ತು. ಅವರ ಮುತ್ತಜ್ಜಂದಿರು ಎಲ್ಲಿಂದಲೋ ಬಂದವರಂತೆ, ಬೇರೆ ಥರ ಪ್ರಾರ್ಥಿಸುತ್ತಿದ್ದರಂತೆ. ದೂರ ಇಡಲು ಅಷ್ಟೇ ಸಾಕಿತ್ತು. ಟಿಕೆಟ್ಟಿನ ದರ ಮಾತ್ರ ಎರಡು ಕಡೆಗೂ ಒಂದೇ, ಅದರಲ್ಲಿ ಯಾವ ಭೇದವೂ ಇರಲಿಲ್ಲ!

ಹಿಂದಿನಿಂದ ಎಲ್ಲವೂ ತಿರುಗುಮುರುಗು. ನಾಯಕ ಎಡಗೈಯಲ್ಲಿ ಹೊಡೆಯುತ್ತಿದ್ದ. ಹಾಗಾಗಿ ಕಾಲುವೆಯಾಚೆಯ ಹುಡುಗರೆಲ್ಲ ಎಡಗೈಯಲ್ಲೇ ಗುದ್ದುವುದನ್ನು ಅಭ್ಯಾಸ ಮಾಡಿದರು. ಶಾಲೆಗೆ ಸೇರಿಸಿಕೊಳ್ಳದ ಮಕ್ಕಳು ಅಕ್ಷರ ಕಲಿತದ್ದೂ ಪರದೆಯ ಹಿಂದಿನಿಂದಲೇ.

ಆಪರೇಟರ್ ಆ ಕಡೆಯವನೇ. ಯಂತ್ರದ ಕೋಣೆಯ ಬೆಂಕಿಯಂಥ ಸೆಕೆಗೆ ಬೇರೆ ಯಾರೂ ಬಾರದಿದ್ದರಿಂದ ಕೆಲಸ ಅವನಿಗೆ ಸಿಕ್ಕಿತ್ತು. ಒಂದು ಸಂಜೆ ಅವನು ಗಾಜಿನ ಚೂರಿಗೆ ಮಸಿ ಹಿಡಿಸಿ, ಸೂಜಿಯಿಂದ ಒಂದು ಸಾಲು ಕೆರೆದು, ಸೋಪಿನ ಜಾಹೀರಾತು ಮುಗಿದ ಕೂಡಲೇ ಆ ಗಾಜನ್ನು ಹಿಂದುಮುಂದಾಗಿ ಯಂತ್ರಕ್ಕೆ ತೂರಿಸಿದ. ಮುಂದಿನವರಿಗೆ ಅಕ್ಷರ ಉಲ್ಟಾ, ಹಿಂದಿನವರಿಗೆ ನೆಟ್ಟಗೆ. ಮುಂದಿನವರು ಶಿಳ್ಳೆ ಹೊಡೆದರು. “ಆಪರೇಟರ್ರೇ, ಎದ್ದೇಳಿ, ಬೆಳಗಾಯ್ತು!”

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ಪರದೆಯ ಹಿಂದೆಯೂ ಒಬ್ಬರಿಗೂ ಓದಲಾಗಲಿಲ್ಲ. ಹುಟ್ಟಿದಾಗಿನಿಂದ ಉಲ್ಟಾ ಓದಿ ಅಭ್ಯಾಸವಾದವರಿಗೆ ನೆಟ್ಟಗಿನ ಅಕ್ಷರ ಹೇಗೆ ತಿಳಿಯಬೇಕು? “ಇದೇನೋ, ಈ ಬಡ್ಡಿಮಗ ಉಲ್ಟಾ ಬರೆದಿದಾನೆ!” ಎಂದು ಅವರೂ ಬೈದರು. ಬೇರೆ ಊರಿನ ಶಾಲೆಯಲ್ಲಿ ಓದಿ ಬಂದಿದ್ದ ಒಬ್ಬಳೇ ಒಬ್ಬ ಹುಡುಗಿ ಬಾಯಿಗೆ ಸೆರಗು ಹಿಡಿದು ನಗುತ್ತಾ ಪಕ್ಕದವರಿಗೆ ಪಿಸುಗುಟ್ಟಿದಳು. “ನಾಳೆ ಎಲ್ಲರೂ ಮುಂದಿನ ಬಾಗಿಲಿಗೆ ಬನ್ನಿ, ಅಂತ ಬರೆದಿದೆ.”

ಮಾತು ಕಿವಿಯಿಂದ ಕಿವಿಗೆ ಹೋಯಿತು. ಮರುದಿನ ಎಲ್ಲರೂ ಬಂದರು. ತಡೆದರು, ಹೊಡೆದರು, ಕೆಲವರನ್ನು ಠಾಣೆಗೆ ಒಯ್ದರು. ಆಪರೇಟರ್ ಮೇಲಿನ ಕಿಟಕಿಯಿಂದ ತಲೆ ಹಾಕಿ, “ಇವರು ಒಳಗೆ ಕೂರೋ ತನಕ ಯಂತ್ರಕ್ಕೆ ಹುಷಾರಿಲ್ಲ!” ಎಂದ. ಅವನನ್ನೂ ಒಯ್ದರು. ಯಂತ್ರ ಓಡಿಸಲು ಬೇರೆ ಯಾರೂ ಇರಲಿಲ್ಲ. ಮುಂದಿನವರಲ್ಲೂ ಒಂದಷ್ಟು ಮಂದಿ ಟಿಕೆಟ್ ಹರಿದು ಹಾಕಿ ಬೀದಿಯಲ್ಲಿ ಇವರ ಜೊತೆ ನಿಂತರು. ವಾರಗಟ್ಟಲೆ ಕತ್ತಲೆಯಲ್ಲಿ ಬಿದ್ದಿದ್ದ ಚಿತ್ರಮಂದಿರ ಕೊನೆಗೆ ಎಲ್ಲರಿಗೂ ಮುಂದಿನ ಬಾಗಿಲು ತೆರೆಯಿತು. ಆಪರೇಟರ್ ಓದು ಬಲ್ಲ ಆ ಹುಡುಗಿಯನ್ನೇ ಮದುವೆಯಾದ. “ಅಷ್ಟೊಂದು ಬುದ್ಧಿ ಖರ್ಚು ಮಾಡಿದ್ರಿ, ಓದೋರು ಯಾರು ಅಂತ ಮಾತ್ರ ಯೋಚಿಸ್ಲಿಲ್ಲ,” ಎಂದು ಅವಳು ಜೀವಮಾನವಿಡೀ ಅವನ ಕಾಲೆಳೆದಳು.

ಮುಂದಿನ ಬಾಗಿಲಿಗೆ ಬಾರದೆ ಉಳಿದವಳು ಅಕ್ಕ ಒಬ್ಬಳೇ.

*

ಪರದೆಯ ಹಿಂದೆ ಈಗ ಮುರಿದ ಕುರ್ಚಿ, ಹಳೇ ಪೋಸ್ಟರು, ಬಣ್ಣದ ಡಬ್ಬಗಳ ರಾಶಿ. ಅದರ ನಡುವೆ ಒಂದು ಮರದ ಪೆಟ್ಟಿಗೆಯ ಮೇಲೆ ಅಕ್ಕ ಕೂತಿದ್ದಳು. ಇಸ್ತ್ರಿ ಅಂಗಡಿ ನಡೆಸಿದ ಮುದುಕಿ. ಉಟ್ಟ ಸೀರೆಯಲ್ಲಿ ಒಂದು ಸುಕ್ಕಿಲ್ಲ, ಸುಕ್ಕೆಲ್ಲ ಮುಖದಲ್ಲಿ.

“ಅತ್ತಿಗೆ, ಮುಂದೆ ಬನ್ನಿ. ಜಾಗ ಹಿಡಿದಿಟ್ಟಿದೀನಿ.”

“ನನಗೆ ಇಲ್ಲೇ ಚೆನ್ನಾಗಿದೆ ಕಣೇ. ಗಾಳಿ ಬರುತ್ತೆ.”

“ಈ ಗೂಡಿಗೆ ಎಲ್ಲಿಂದ ಗಾಳಿ ಬರ್ಬೇಕು?”

“ನೀನು ಬಂದಾಗಿಂದ ನಿಂತೋಯ್ತು.”

ಟೀಚರಮ್ಮ ನಕ್ಕಳು, ನಗುತ್ತಲೇ ಅತ್ತಳು. ಅಕ್ಕ ಅವಳ ಕೆನ್ನೆ ಒರೆಸಿದಳೇ ಹೊರತು ಎದ್ದೇಳಲಿಲ್ಲ.

*

ಅಕ್ಕ ಲಂಗ ತೊಡುವ ವಯಸ್ಸಿನಲ್ಲಿ ಒಮ್ಮೆ, ಆಟ ಶುರುವಾಗುವ ಮುಂಚೆ, ತಮ್ಮ ಅವಳ ಕಂಕುಳಿಂದ ಜಾರಿ ಮುಂದಿನ ಕುರ್ಚಿಗಳ ಕಡೆ ಓಡಿದ್ದ. ಅವನನ್ನು ಹಿಡಿದು, ಏದುಸಿರು ಬಿಡುತ್ತಾ, ಅವಳು ಒಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಕೆಂಪು ಮೆತ್ತೆ. ಅಂಥ ಮೆತ್ತಗಿನ ಜಾಗದಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ.

ರಟ್ಟೆ ಹಿಡಿದು ಎಬ್ಬಿಸಿದ್ದನ್ನು ಅವಳು ಮರೆಯಬಹುದಿತ್ತು. ಆದರೆ ಬಕೆಟ್ಟಿನಲ್ಲಿ ನೀರು ತಂದು, ಅವಳ ಕಣ್ಣೆದುರೇ ಆ ಕುರ್ಚಿಯನ್ನು ತೊಳೆದರು. ಇಡೀ ಚಿತ್ರಮಂದಿರ ಸುಮ್ಮನೆ ಕೂತು ನೋಡಿತು. ಅಂದಿನಿಂದ ಮುಂದೆ ಬಾ ಎಂದು ಯಾರು ಕರೆದರೂ ಅವಳಿಗೆ ಕೇಳಿಸುತ್ತಿದ್ದದ್ದು ಆ ನೀರಿನ ಸದ್ದೊಂದೇ.

*

“ಇವನ ಮುಖ ಎಲ್ಲಿ?” ಎಂದಳು ಅಕ್ಕ ಇದ್ದಕ್ಕಿದ್ದಂತೆ. ಪರದೆಯ ಹರಕಿಗೆ ಕಣ್ಣು ಹಚ್ಚಿ ಅವಳು ಆಗಿನಿಂದ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಕಾಣುತ್ತಿದ್ದದ್ದು ಶವಪೆಟ್ಟಿಗೆಯ ಹಲಗೆ ಮಾತ್ರ.

“ಮುಖ ಆ ಕಡೆಗಿದೆ, ಅತ್ತಿಗೆ.”

“ಇದೇನೇ ಇದು! ಸಿನಿಮಾದಲ್ಲಿ ಅವರಿಗೆ ಮುಖ ತೋರಿಸಿದ್ರೆ ನಮಗೂ ಕಾಣ್ತಿತ್ತು. ನನ್ನ ತಮ್ಮನಿಗೇನು ಬಂತು ರೋಗ?”

“ಪೆಟ್ಟಿಗೆ ತಿರುಗಿಸೋಕೆ ಹೇಳ್ಲಾ?”

ಅಕ್ಕ ಹರಕಿನಿಂದ ಕಣ್ಣು ತೆಗೆದು ಕೈ ಚಾಚಿದಳು.

“ಬೇಡ. ಸತ್ತವನನ್ನ ಎಷ್ಟು ಅಂತ ಅಲ್ಲಾಡಿಸ್ತೀರ. ನಾನೇ ಸುತ್ಕೊಂಡು ಬರ್ತೀನಿ. ಹಿಡ್ಕೊ.”

ಬಂದರು. ಬೀದಿಯನ್ನು ಬಳಸಿ, ಮೆಟ್ಟಿಲು ಹತ್ತಿ, ಮುಂದಿನ ಬಾಗಿಲಿಂದ ಒಳಗೆ. ಕುರ್ಚಿಯ ಹತ್ತಿರ ಅಕ್ಕನ ಕಾಲು ನಿಂತಿತು. ಅವಳು ಹಿಂತಿರುಗಿ ಒಮ್ಮೆ ಇಡೀ ಸಭೆಯನ್ನು ನೋಡಿದಳು. ಯಾರಾದರೂ ಏನಾದರೂ ಅನ್ನಲಿ ಎಂದು ಕಾಯುವವಳ ಹಾಗಿತ್ತು.

“ಅಕ್ಕಾ, ಕೂತ್ಕೊಳ್ಳಿ. ನಿಮ್ಮ ಹಿಂದೆ ನನಗೇನೂ ಕಾಣ್ತಿಲ್ಲ,” ಎಂದ ಕ್ಷೌರಿಕ.

“ನಮಗೆ ಕಂಡಿತ್ತೇನೋ ಇಷ್ಟು ವರ್ಷ? ನೀನೂ ಸ್ವಲ್ಪ ತಡ್ಕೊ.”

ಚಿತ್ರಮಂದಿರಕ್ಕೆ ಚಿತ್ರಮಂದಿರವೇ ನಕ್ಕಿತು. ಮಾಲೀಕರ ಮೊಮ್ಮಗಳು ನಗುತ್ತಾ ಕಣ್ಣೊರೆಸಿಕೊಂಡಳು. ಅಕ್ಕ ಮೆಲ್ಲಗೆ ಕೂತಳು. ಮೊದಲು ಅಂಚಿನಲ್ಲಿ, ಆಮೇಲೆ ಸ್ವಲ್ಪ ಹಿಂದಕ್ಕೆ, ಆಮೇಲೆ ಪೂರ್ತಿ ಬೆನ್ನು ಒರಗಿಸಿ. ತಮ್ಮನ ಮುಖ ನೇರ ಎದುರಿಗೇ ಇತ್ತು.

ಸಮಾಧಿಗೆ ಒಯ್ಯುವ ಹೊತ್ತಾಯಿತು. ಹೊರುವವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಅಧ್ಯಕ್ಷರು ಎದ್ದರು, ಸಾಲು ಸಾಲಾಗಿ ಎಲ್ಲರೂ ಎದ್ದು ನಿಂತರು. ಅಕ್ಕ ಮಾತ್ರ ಏಳಲಿಲ್ಲ.

“ಅತ್ತಿಗೆ, ಹೊರಡ್ಬೇಕು. ಹೊತ್ತವರು ಕಾಯ್ತಿದಾರೆ.”

“ಕಾಯಲಿ,” ಎಂದಳು ಅಕ್ಕ, ಕುರ್ಚಿಯ ಎರಡೂ ತೋಳುಗಳ ಮೇಲೆ ಕೈ ಚಾಚಿಕೊಂಡು. “ನಾನು ಈಗ ತಾನೇ ಕೂತಿದೀನಿ.”

ಟೀಚರಮ್ಮ ಅವಳ ಪಕ್ಕ ಕೂತಳು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆಟ್ಟಿಗೆಯನ್ನು ಮತ್ತೆ ಜಗುಲಿಯ ಮೇಲಿಳಿಸಿದರು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಊರಿಗೆ ಊರೇ ಅಕ್ಕನ ಹಿಂದೆ ಕೂತಿತು.